ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಾಣಿಸದಿದ್ದರೆ, ಅದರೊಳಗಿನದೆಲ್ಲ ಹೋಯಿತೆಂದೇ ಅರ್ಥವೇ?

ಅಟ್ಟದ ಮೇಲಿದ್ದ ಹಳೆಯ ಮ್ಯಾಕಿಂಟೋಷ್ ಕಂಪ್ಯೂಟರನ್ನು ಯಾರೋ ಕೆಳಗಿಳಿಸುತ್ತಾರೆ. ಧೂಳು ಒರೆಸಿ ಸ್ವಿಚ್ ಹಾಕುತ್ತಾರೆ. ಪರದೆ ಬೆಳಗುತ್ತದೆ, ಪಕ್ಕದ ಹಾರ್ಡ್ ಡಿಸ್ಕ್ ಪೆಟ್ಟಿಗೆಯ ಫ್ಯಾನ್ ಕೂಡ ತಿರುಗುತ್ತದೆ. ಆದರೆ ಪರದೆಯ ನಡುವೆ ಫ್ಲಾಪಿಯ ಪುಟ್ಟ ಚಿತ್ರವೊಂದು ಬಂದು, ಅದರೊಳಗೆ ಪ್ರಶ್ನಾರ್ಥಕ ಚಿಹ್ನೆ ಮಿನುಗುತ್ತಲೇ ಇರುತ್ತದೆ. ಐದು ಸಲ ಆಫ್ ಮಾಡಿ ಆನ್ ಮಾಡಿ ನೋಡುತ್ತಾರೆ. "ಮೂವತ್ತೈದು ವರ್ಷ ಆಯ್ತಲ್ಲ, ಡಿಸ್ಕ್ ಸತ್ತಿದೆ" ಎಂದು ಅದನ್ನು ಗುಜರಿಗೆ ಹಾಕುತ್ತಾರೆ. ಯಾರದೋ ಪ್ರಬಂಧ, ಅಪ್ಪ ಬರೆದ ಪತ್ರಗಳು, ಸಣ್ಣ ಅಂಗಡಿಯೊಂದರ ಹತ್ತು ವರ್ಷಗಳ ಲೆಕ್ಕ, ಎಲ್ಲವೂ ಅದರ ಜೊತೆಗೇ ಹೋಗುತ್ತವೆ.

ಹಾಗಾದರೆ ಆ ಡಿಸ್ಕ್ ನಿಜವಾಗಿಯೂ ಸತ್ತಿತ್ತೇ? ಎಷ್ಟೋ ಸಲ ಇಲ್ಲ. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಕಾಂತೀಯವಾಗಿ ಬರೆದ ಮಾಹಿತಿ ಅಷ್ಟು ಸುಲಭವಾಗಿ ಅಳಿಸಿಹೋಗುವುದಿಲ್ಲ. ಸಾಮಾನ್ಯವಾಗಿ ಮೊದಲು ಕೈಕೊಡುವುದು ಅದರ ಸುತ್ತಲಿನ ಸಾಮಾನು: ಕೇಬಲ್, ಪವರ್ ಸಪ್ಲೈ, ರಬ್ಬರ್ ತುಂಡು, ತಟ್ಟೆಗೆ ಹಚ್ಚಿದ ಜಾರುಲೇಪ. ಇವುಗಳಲ್ಲಿ ಕೆಲವನ್ನು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು.

ಡಿಸ್ಕ್ ಹೊರಗೇಕೆ ಇತ್ತು?

ನಮ್ಮ ಊರುಗಳಲ್ಲಿ 1980ರ ದಶಕದಲ್ಲಿ ಮನೆಗೊಂದು ಕಂಪ್ಯೂಟರ್ ಎನ್ನುವ ಮಾತೇ ಇರಲಿಲ್ಲ. ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಆಪಲ್ ಮ್ಯಾಕಿಂಟೋಷ್, ಕಮಡೋರ್ ಅಮಿಗಾ, ಅಟಾರಿ ಎಸ್‌ಟಿ ಯಂತ್ರಗಳು ಮನೆಗಳಿಗೆ ಬಂದಿದ್ದವು. ಇವುಗಳ ಮೊದಲ ಮಾದರಿಗಳೊಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ, ಕೆಲಸವೆಲ್ಲ ಫ್ಲಾಪಿಯಲ್ಲೇ. 1986ರ ಜನವರಿಯಲ್ಲಿ ಬಂದ ಮ್ಯಾಕಿಂಟೋಷ್ ಪ್ಲಸ್‌ನ ಒಂದು ಫ್ಲಾಪಿಯಲ್ಲಿ 800 ಕಿಲೋಬೈಟ್ ಹಿಡಿಸುತ್ತಿತ್ತು. ಹೊರಗಿನಿಂದ ಜೋಡಿಸುವ 20 ಎಂಬಿ ಹಾರ್ಡ್ ಡಿಸ್ಕ್ ಅಂದರೆ ಅಂತಹ 25 ಫ್ಲಾಪಿಗಳು ಒಂದೇ ಪೆಟ್ಟಿಗೆಯಲ್ಲಿ ಇದ್ದಂತೆ. ಇಂದು ಮೊಬೈಲಿನಲ್ಲಿ ತೆಗೆದ ನಾಲ್ಕೈದು ಫೋಟೋಗಳಿಗೇ ಆ ಪೆಟ್ಟಿಗೆ ತುಂಬಿಹೋಗುತ್ತದೆ, ಅದು ಬೇರೆ ಮಾತು.

ಹೊರಗಿದೆ ಎಂದ ಮೇಲೆ ಅದಕ್ಕೊಂದು ಕೇಬಲ್, ಬೇರೆಯದೇ ಪವರ್ ಸಪ್ಲೈ, ತನ್ನದೇ ಸ್ವಿಚ್ ಬೇಕು. ತೊಂದರೆಗಳು ನುಸುಳುವುದೂ ಇಲ್ಲೇ.

ಮೊದಲು ಕೇಬಲ್ಲನ್ನು ಅನುಮಾನಿಸಿ

ಮ್ಯಾಕ್ ಪ್ಲಸ್ ತನ್ನ ಡಿಸ್ಕಿನೊಡನೆ ಮಾತಾಡುತ್ತಿದ್ದದ್ದು 'ಸ್ಕಸಿ' ಎಂಬ ವ್ಯವಸ್ಥೆಯ ಮೂಲಕ. ಒಂದರ ಬೆನ್ನಿಗೆ ಇನ್ನೊಂದರಂತೆ ಏಳು ಸಾಧನಗಳನ್ನು ಸರಪಳಿಯಾಗಿ ಜೋಡಿಸಬಹುದಿತ್ತು. ಪ್ರತಿಯೊಂದಕ್ಕೂ 0ಯಿಂದ 6ರವರೆಗೆ ಒಂದು ಸಂಖ್ಯೆ, 7 ಕಂಪ್ಯೂಟರಿಗೆ ಮೀಸಲು. ಎರಡು ಪೆಟ್ಟಿಗೆಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ಎರಡೂ ಒಟ್ಟಿಗೆ ಉತ್ತರಿಸಿ ಎಲ್ಲ ಗೊಂದಲವಾಗುತ್ತದೆ. ಪೆಟ್ಟಿಗೆಯ ಹಿಂಭಾಗದ ಪುಟ್ಟ ಸ್ವಿಚ್ಚೊಂದನ್ನು ಬದಲಿಸಿದರೆ ಇದು ಮುಗಿಯಿತು.

ಇದಕ್ಕಿಂತ ಕಾಡುವುದು ಟರ್ಮಿನೇಟರ್. ಖಾಲಿ ಕೋಣೆಯಲ್ಲಿ ಮಾತಾಡಿದರೆ ಗೋಡೆಗೆ ಬಡಿದು ಪ್ರತಿಧ್ವನಿ ಬರುತ್ತದಲ್ಲ, ಕೇಬಲ್ಲಿನ ತುದಿಗೆ ತಲುಪಿದ ವಿದ್ಯುತ್ ಸಂಕೇತವೂ ಹಾಗೆಯೇ ಹಿಂದಕ್ಕೆ ಪುಟಿಯುತ್ತದೆ. ಪುಟಿದು ಬಂದದ್ದು ಹೊಸ ಸಂಕೇತದೊಡನೆ ಬೆರೆತರೆ 0 ಯಾವುದು, 1 ಯಾವುದು ಎಂದು ತಿಳಿಯುವುದಿಲ್ಲ. ಇದನ್ನು ತಡೆಯಲು ಸರಪಳಿಯ ತುದಿಗಳಲ್ಲಿ ರೆಸಿಸ್ಟರ್‌ಗಳ ಒಂದು ಗುಂಪನ್ನು ಕೂರಿಸುತ್ತಾರೆ. ಕೋಣೆಗೆ ದಪ್ಪ ಪರದೆ ಹಾಕಿದ ಹಾಗೆ ಅದು ಸಂಕೇತವನ್ನು ಹೀರಿಕೊಳ್ಳುತ್ತದೆ.

ಈ ಟರ್ಮಿನೇಟರಿಗೂ ಸ್ವಲ್ಪ ವಿದ್ಯುತ್ ಬೇಕು. ಮ್ಯಾಕ್ ಪ್ಲಸ್ ಅದನ್ನು ಕೊಡುವುದಿಲ್ಲ! ಸರಪಳಿಯಲ್ಲಿರುವ ಯಾವುದಾದರೂ ಡಿಸ್ಕ್ ಕೊಡಬೇಕು. ಆ ಡಿಸ್ಕಿನ ಸರ್ಕ್ಯೂಟ್ ಬೋರ್ಡಿನಲ್ಲಿ ಇದಕ್ಕೆಂದೇ ಇರುವ ಸಣ್ಣ ಫ್ಯೂಸ್ ಸುಟ್ಟಿದ್ದರೆ, ಟರ್ಮಿನೇಟರ್ ಜಾಗದಲ್ಲೇ ಇದ್ದರೂ ಕೆಲಸ ಮಾಡುವುದಿಲ್ಲ. ಡಿಸ್ಕ್ ಚೆನ್ನಾಗಿ ತಿರುಗುತ್ತಿರುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ಸರಪಳಿಯಲ್ಲಿ ಆಫ್ ಮಾಡಿದ ಸ್ಕ್ಯಾನರ್ ಒಂದಿದ್ದರೂ ಇದೇ ಪರಿಣಾಮ ಆಗಬಹುದು. ಇನ್ನೊಂದು ಸರಳ ಕಾರಣ: ಡಿಸ್ಕನ್ನು ಮೊದಲು ಆನ್ ಮಾಡಿ, ಅದು ಪೂರ್ಣ ವೇಗಕ್ಕೆ ಬಂದ ಮೇಲೆ ಕಂಪ್ಯೂಟರನ್ನು ಆನ್ ಮಾಡಬೇಕು. ಕ್ರಮ ತಲೆಕೆಳಗಾದರೆ ಅದೇ ಪ್ರಶ್ನಾರ್ಥಕ ಚಿಹ್ನೆ.

ಅಮಿಗಾ 500ರ ಕಥೆ ಸ್ವಲ್ಪ ಬೇರೆ. ಅದರ ಎ590 ಎಂಬ ಡಿಸ್ಕ್ ಪೆಟ್ಟಿಗೆಯನ್ನು ಕೇಬಲ್ ಇಲ್ಲದೆ ನೇರವಾಗಿ ಕಂಪ್ಯೂಟರಿನ ಎಡಬದಿಗೆ ಸಿಕ್ಕಿಸುತ್ತಿದ್ದರು. ಅಲ್ಲಿನ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿದಿದ್ದರೆ ಅಥವಾ ಮೇಜು ಅಲುಗಿ ಪೆಟ್ಟಿಗೆ ಕೂದಲೆಳೆಯಷ್ಟು ಸರಿದರೆ ಯಂತ್ರ ಸ್ತಬ್ಧವಾಗುತ್ತದೆ. ಬೈಗುಳ ತಿನ್ನುವುದು ಡಿಸ್ಕ್.

"ಇನಿಶಿಯಲೈಸ್ ಮಾಡಲೇ?"

ಕೇಬಲ್ ದೋಷದ ನಿಜವಾದ ಅಪಾಯ ಇಲ್ಲಿದೆ. ಡಿಸ್ಕಿನಿಂದ ಬಂದ ಮಾಹಿತಿ ದಾರಿಯಲ್ಲಿ ಕೆಟ್ಟಿತೋ, ಡಿಸ್ಕಿನಲ್ಲೇ ಕೆಟ್ಟಿತ್ತೋ ಎಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಆಗ ಮ್ಯಾಕ್, ಈ ಡಿಸ್ಕನ್ನು ಓದಲು ಆಗುತ್ತಿಲ್ಲ, ಇನಿಶಿಯಲೈಸ್ ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ಇನಿಶಿಯಲೈಸ್ ಎಂದರೆ ಹೊಸದಾಗಿ ಸಜ್ಜುಗೊಳಿಸುವುದು, ಅಂದರೆ ಹಳೆಯದನ್ನು ಕಳೆದುಕೊಳ್ಳುವುದು. ಕಂಪ್ಯೂಟರೇ ಹೇಳುತ್ತಿದೆಯಲ್ಲ ಎಂದು ಒಪ್ಪಿಗೆ ಒತ್ತಿದರೆ, ಮೂರು ದಶಕ ಉಳಿದುಕೊಂಡಿದ್ದದ್ದು ಒಂದು ಕ್ಲಿಕ್ಕಿಗೆ ಹೋಗುತ್ತದೆ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಆ ಪ್ರಶ್ನೆಗೆ ರದ್ದು ಎಂದೇ ಒತ್ತಿ.

ತಟ್ಟೆ ತಿರುಗುತ್ತಲೇ ಇಲ್ಲವೆಂದರೆ?

ಕಿವಿ ಕೊಟ್ಟು ಕೇಳಿ. ಮೋಟಾರು ವೇಗ ಏರಿಸಿಕೊಳ್ಳುವ ಸದ್ದೇ ಬರದಿದ್ದರೆ ತಟ್ಟೆ ಅಂಟಿಕೊಂಡಿರಬಹುದು. ಇಂಗ್ಲಿಷಿನಲ್ಲಿ ಇದನ್ನು 'ಸ್ಟಿಕ್ಷನ್' ಎನ್ನುತ್ತಾರೆ. ಹಾರ್ಡ್ ಡಿಸ್ಕ್ ಓಡುವಾಗ ಅದರ ಹೆಡ್, ಅಂದರೆ ಓದುವ-ಬರೆಯುವ ಪುಟ್ಟ ಭಾಗ, ತಟ್ಟೆಯನ್ನು ಮುಟ್ಟುವುದಿಲ್ಲ. ಒಂದು ಮೈಕ್ರೋಮೀಟರಿಗಿಂತ ತೆಳುವಾದ ಗಾಳಿಯ ಹಾಸಿನ ಮೇಲೆ ತೇಲುತ್ತದೆ. ನಮ್ಮ ತಲೆಗೂದಲು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಡಿಸ್ಕ್ ನಿಂತಾಗ ಮಾತ್ರ ಹೆಡ್ ತಟ್ಟೆಯ ಮೇಲೆ ಇಳಿದು ಕೂರುತ್ತದೆ. ತಟ್ಟೆ ಬಹಳ ನುಣುಪು, ಮೇಲೆ ಜಾರುಲೇಪ, ಜೊತೆಗೆ ಗಾಳಿಯ ತೇವ. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒತ್ತಿಟ್ಟರೆ ಬಿಡಿಸಲು ಕಷ್ಟವಾಗುವಂತೆ ಇವೂ ಅಂಟಿಕೊಳ್ಳುತ್ತವೆ. ಪುಟ್ಟ ಮೋಟಾರಿಗೆ ಅದನ್ನು ಕಿತ್ತು ತಿರುಗಿಸುವ ಶಕ್ತಿ ಸಾಲುವುದಿಲ್ಲ.

ಹಾಗಾಗಿ "ಬಳಸದೆ ಜೋಪಾನವಾಗಿ ಇಟ್ಟಿದ್ದೇವೆ, ಹೊಸದರಂತಿದೆ" ಎಂಬ ಮಾತು ಹಾರ್ಡ್ ಡಿಸ್ಕಿನ ಮಟ್ಟಿಗೆ ಅಷ್ಟು ನಿಜವಲ್ಲ. ಸುಮ್ಮನೆ ಕೂತಿರುವುದೇ ಅದಕ್ಕೊಂದು ಕಾಯಿಲೆ.

ಡ್ರೈವನ್ನು ಅಂಗೈ ಮೇಲೆ ಸಮತಲವಾಗಿ ಹಿಡಿದು, ಬಾಟಲಿಯ ಮುಚ್ಚಳ ತಿರುವಿದಂತೆ ಚುರುಕಾಗಿ ಅತ್ತಿತ್ತ ತಿರುವುವುದು ಆ ಕಾಲದ ರಿಪೇರಿಯವರ ಉಪಾಯ. ಇದು ಮೂಢನಂಬಿಕೆಯಲ್ಲ, ಇದರ ಹಿಂದೆ ಜಡತ್ವದ ನಿಯಮವಿದೆ: ಕವಚ ತಿರುಗುತ್ತದೆ, ತಟ್ಟೆ ಇದ್ದಲ್ಲೇ ಉಳಿಯಲು ನೋಡುತ್ತದೆ, ನಡುವಿನ ಅಂಟು ಬಿಡುತ್ತದೆ. ಆದರೆ ಹೆಡ್ ಕಿತ್ತುಬರುವ ಅಪಾಯವೂ ಇದೆ. ಹಾಗಾಗಿ ಇದು ಬೇರೆಲ್ಲ ನೋಡಿ ಮುಗಿದ ಮೇಲಿನ ಪ್ರಯತ್ನ. ಒಮ್ಮೆ ತಿರುಗಿತೋ, ಎಲ್ಲವನ್ನೂ ನಕಲು ಮಾಡಿಕೊಳ್ಳುವ ತನಕ ಆಫ್ ಮಾಡಬೇಡಿ. ಮತ್ತೆ ಅಂಟಿಕೊಂಡರೆ ಎರಡನೇ ಅವಕಾಶ ಸಿಗುತ್ತದೆಂಬ ಭರವಸೆ ಇಲ್ಲ.

ಬೇರೆ ಕೆಲವು ಡ್ರೈವ್‌ಗಳಲ್ಲಿ ತಟ್ಟೆ ಸರಾಗವಾಗಿ ತಿರುಗುತ್ತದೆ, ಹೆಡ್ ಮಾತ್ರ ಅಲುಗುವುದಿಲ್ಲ. ಕ್ವಾಂಟಮ್ ಕಂಪನಿಯ ಪ್ರೋಡ್ರೈವ್ ಎಲ್‌ಪಿಎಸ್ ಸರಣಿ ಇದಕ್ಕೆ ಹೆಸರುವಾಸಿ. ಹೆಡ್ಡಿನ ತೋಳು ತಗುಲಿ ನಿಲ್ಲಲೆಂದು ಒಳಗಿಟ್ಟ ರಬ್ಬರ್ ತುಂಡು ವರ್ಷಗಳು ಕಳೆದಂತೆ ಕರಗಿ ಗೋಂದಿನಂತಾಗಿ, ತೋಳನ್ನು ಹಿಡಿದುಕೊಂಡುಬಿಡುತ್ತದೆ. ಒಳಗಿನ ಮಾಹಿತಿಗೆ ಏನೂ ಆಗಿರುವುದಿಲ್ಲ.

ತಣ್ಣಗಿದ್ದಾಗ ಮಂಕು, ಬಿಸಿಯಾದರೆ ಚುರುಕು

ಸೀಗೇಟ್ ಎಸ್‌ಟಿ-225 ಆ ಕಾಲದ ಜನಪ್ರಿಯ 20 ಎಂಬಿ ಡ್ರೈವ್. ಅದರ ತಟ್ಟೆಯ ಒಂದೊಂದು ಮುಖದಲ್ಲೂ 615 ಸುತ್ತುದಾರಿಗಳು. ಇಂತಹ ಅಗ್ಗದ ಡ್ರೈವ್‌ಗಳಲ್ಲಿ ಹೆಡ್ಡನ್ನು ಸರಿಸುತ್ತಿದ್ದದ್ದು ಸ್ಟೆಪ್ಪರ್ ಮೋಟಾರ್. ಅದು "ಇಷ್ಟು ಹೆಜ್ಜೆ ಹೋಗು" ಎಂದರೆ ಅಷ್ಟು ಹೋಗುತ್ತದೆ. ಸರಿಯಾದ ಜಾಗಕ್ಕೆ ಬಂದೆನೋ ಇಲ್ಲವೋ ಎಂದು ತಿರುಗಿ ನೋಡುವುದಿಲ್ಲ. ಲೋಹ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಡ್ರೈವ್ ಬಿಸಿಯಾಗಿದ್ದಾಗ ಬರೆದ ದಾರಿಯನ್ನು ಅದು ತಣ್ಣಗಿರುವಾಗ ಹುಡುಕಿದರೆ ಹೆಡ್ ಸ್ವಲ್ಪ ಪಕ್ಕಕ್ಕೆ ಬೀಳುತ್ತದೆ. ಆನ್ ಮಾಡಿದ ಕೂಡಲೇ ದೋಷದ ಸಂದೇಶ ಕೊಟ್ಟ ಡಿಸ್ಕ್ ಅರ್ಧ ಗಂಟೆ ಬಿಟ್ಟರೆ ತಾನಾಗಿ ಓದತೊಡಗುವುದು ಇದಕ್ಕೇ. ಮಲಗಿಸಿ ಬಳಸುತ್ತಿದ್ದ ಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟರೂ ಇಂತಹ ತೊಂದರೆ ಬರಬಹುದು. ಮೊದಲಿದ್ದ ಹಾಗೆಯೇ ಇಡಿ.

ಫ್ರಿಜ್ಜಿನಲ್ಲಿಟ್ಟರೆ ಹಾರ್ಡ್ ಡಿಸ್ಕ್ ಬದುಕುತ್ತದೆ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ದಯವಿಟ್ಟು ಬೇಡ. ಈ ಡ್ರೈವ್‌ಗಳು ಗಾಳಿಯಾಡದಂತೆ ಮುಚ್ಚಿದವಲ್ಲ, ಫಿಲ್ಟರ್ ಹಾಕಿದ ಸಣ್ಣ ರಂಧ್ರವೊಂದು ಅವುಗಳಲ್ಲಿರುತ್ತದೆ. ಹೊರತೆಗೆದಾಗ ತಣ್ಣೀರಿನ ಲೋಟದ ಮೇಲೆ ಹನಿ ಕೂಡುವಂತೆ ತಟ್ಟೆಯ ಮೇಲೂ ತೇವ ಕೂರುತ್ತದೆ.

ಸ್ವಿಚ್ ಹಾಕುವ ಮುನ್ನ

ಅಮೆರಿಕದಿಂದ ಇಂತಹ ಯಂತ್ರ ತಂದವರು ಹಿಂಬದಿಯ ಚೀಟಿಯನ್ನು ಮೊದಲು ಓದಬೇಕು. ಅಲ್ಲಿನದು 120 ವೋಲ್ಟ್, ನಮ್ಮದು 230. ಕೆಲವು ಪೆಟ್ಟಿಗೆಗಳಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇರುತ್ತದೆ, ಹಲವದರಲ್ಲಿ ಇರುವುದಿಲ್ಲ. ಹಳೆಯ ಪವರ್ ಸಪ್ಲೈಗಳಲ್ಲಿನ ರಿಫಾ ಕಾಗದದ ಕೆಪಾಸಿಟರ್‌ಗಳು ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತವೆ. ವಿದ್ಯುತ್ ಹರಿದಾಗ ಸಿಡಿದು ಕೋಣೆ ತುಂಬ ದಟ್ಟ ಹೊಗೆ ಬಿಡುತ್ತವೆ. ನೋಡಿದವರು ಡಿಸ್ಕೇ ಸುಟ್ಟಿತೆಂದು ಕಂಗಾಲಾಗುತ್ತಾರೆ. ಎಲೆಕ್ಟ್ರಾನಿಕ್ಸ್ ಬಲ್ಲವರಿಂದ ಪವರ್ ಸಪ್ಲೈ ಪರೀಕ್ಷಿಸಿಯೇ ಡ್ರೈವನ್ನು ಜೋಡಿಸುವುದು ಒಳ್ಳೆಯದು.

ಎಲ್ಲ ಸರಿಯಿದ್ದು ಡಿಸ್ಕ್ ಕಾಣಿಸಿತೆಂದುಕೊಳ್ಳಿ. ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವ ಆಸೆ ಸಹಜ, ಆದರೂ ತಡೆಯಿರಿ. ಸ್ಕಸಿ ಕಾರ್ಡ್ ಇರುವ ಲಿನಕ್ಸ್ ಕಂಪ್ಯೂಟರಿಗೆ ಡ್ರೈವ್ ಜೋಡಿಸಿ, ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಫೈಲಾಗಿ ತೆಗೆದುಕೊಳ್ಳಬಹುದು. ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ಬಾಚಿಕೊಂಡು, ಹಠ ಮಾಡುವ ಜಾಗಗಳಿಗೆ ಆಮೇಲೆ ಮರಳುತ್ತದೆ. ಮುಂದಿನ ಹುಡುಕಾಟವೆಲ್ಲ ಆ ನಕಲಿನಲ್ಲೇ.

ದೊಡ್ಡ ಸಂಸ್ಥೆಗಳ ದಾರಿಯೂ ಇದೇ. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಲೇಖಕ ಸಲ್ಮಾನ್ ರಶ್ದಿಯವರ ಕಾಗದಪತ್ರಗಳ ಜೊತೆಗೆ ಅವರು ಬಳಸಿದ ನಾಲ್ಕು ಆಪಲ್ ಕಂಪ್ಯೂಟರುಗಳು, ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್ ಬಂದವು. 2010ರಲ್ಲಿ ಸಂಗ್ರಹವನ್ನು ಓದುಗರಿಗೆ ತೆರೆದಾಗ ಮೂಲ ಯಂತ್ರವನ್ನು ಯಾರ ಕೈಗೂ ಕೊಡಲಿಲ್ಲ. ನಕಲು ಮಾಡಿ, ಹಳೆಯ ಮ್ಯಾಕ್‌ನಂತೆಯೇ ವರ್ತಿಸುವ ಎಮ್ಯುಲೇಟರಿನೊಳಗೆ ಅದನ್ನು ತೋರಿಸಿದರು.

ಯಂತ್ರವನ್ನು ದಿನವೂ ಬಳಸುವ ಆಸೆಯಿದ್ದರೆ ಬ್ಲೂಸ್ಕಸಿಯಂತಹ ಪುಟ್ಟ ಸಾಧನಗಳಿವೆ. ಮೆಮೊರಿ ಕಾರ್ಡಿನಲ್ಲಿಟ್ಟ ಪಡಿಯಚ್ಚನ್ನೇ ಅವು ಹಳೆಯ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಎಂದು ತೋರಿಸುತ್ತವೆ. ಮ್ಯಾಕ್ ಪ್ಲಸ್ ಇದಕ್ಕೂ ವಿದ್ಯುತ್ ಕೊಡುವುದಿಲ್ಲ, ಯುಎಸ್‌ಬಿ ಮೂಲಕ ಬೇರೆಯಾಗಿ ಕೊಡಬೇಕು. ನಕಲು ಆದ ಮೇಲೂ ಮೂಲ ಡ್ರೈವನ್ನು ಎಸೆಯಬೇಡಿ. ಅದರಲ್ಲಿ ಏನಿದೆ, ಯಾವ ದಿನ ನಕಲು ಮಾಡಿದಿರಿ ಎಂದು ಚೀಟಿ ಬರೆದು ಅಂಟಿಸಿ, ತೇವವಿಲ್ಲದ ಕಡೆ ಇಡಿ.