ಅಂಕ ಮುಚ್ಚಿಟ್ಟಾಗ ಕಾಣುವ ಆಟಗಾರ

ಲೆಗ್ ಸ್ಪಿನ್ನರ್ ಎಂದಮೇಲೆ ಚೆಂಡು ತಿರುಗಲೇಬೇಕು ಎಂಬುದು ಕ್ರಿಕೆಟ್ ಬಲ್ಲವರ ಹಳೆಯ ನಂಬಿಕೆ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಕಲಿತು, ಆರ್‌.ವಿ. ಎಂಜಿನಿಯರಿಂಗ್ ಕಾಲೇಜು ಸೇರಿದ ಕನ್ನಡಕದ ಎತ್ತರದ ಹುಡುಗನ ಚೆಂಡು ಅಷ್ಟಾಗಿ ತಿರುಗುತ್ತಿರಲಿಲ್ಲ. ವೇಗವಾಗಿ ಬರುತ್ತಿತ್ತು, ಪುಟಿದೇಳುತ್ತಿತ್ತು, ಸ್ಟಂಪ್ ಬಿಟ್ಟು ಕದಲುತ್ತಿರಲಿಲ್ಲ. 1990ರ ಇಂಗ್ಲೆಂಡ್ ಪ್ರವಾಸದಲ್ಲಿ ಮೊದಲ ಟೆಸ್ಟ್ ಆಡಿದ ಅನಿಲ್ ಕುಂಬ್ಳೆ ಎರಡನೆಯದಕ್ಕೆ 1992ರವರೆಗೆ ಕಾಯಬೇಕಾಯಿತು. ಇರಾನಿ ಟ್ರೋಫಿಯ ಒಂದೇ ಪಂದ್ಯದಲ್ಲಿ 13 ವಿಕೆಟ್ ಕಿತ್ತ ಮೇಲೆ ಆಯ್ಕೆಗಾರರು ಮತ್ತೆ ಅವರತ್ತ ನೋಡಿದರು. 2008ರಲ್ಲಿ ನಿವೃತ್ತರಾದಾಗ ಅವರ ಹೆಸರಿನಲ್ಲಿ 132 ಟೆಸ್ಟ್‌ಗಳ 619 ವಿಕೆಟ್‌ಗಳಿದ್ದವು.

1990ರಲ್ಲಿ ಯಾರಾದರೂ ಕೂತು ಆಟಗಾರರಿಗೆಲ್ಲ ಅಂಕ ಹಾಕಿದ್ದರೆ, ಸ್ಪಿನ್ ಎಂಬ ಕಾಲಂನಲ್ಲಿ ಕುಂಬ್ಳೆ ಅವರಿಗೆ ದೊಡ್ಡ ಸಂಖ್ಯೆ ಬೀಳುತ್ತಿರಲಿಲ್ಲ. ವಿಕೆಟ್ ಎಂಬ ಕಾಲಂ ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು. ಇವೆರಡರಲ್ಲಿ ಯಾವುದನ್ನು ನಂಬಬೇಕು? ದೂರದ ಬೇಸ್‌ಬಾಲ್ ಜಗತ್ತಿನಲ್ಲಿ, ಕಂಪ್ಯೂಟರಿನಲ್ಲಿ ತಂಡ ಕಟ್ಟಿ ಆಡುವವರಲ್ಲಿ ಕೆಲವರು ಈ ಪ್ರಶ್ನೆಗೆ ಒಂದು ಗಟ್ಟಿ ಉತ್ತರ ಕಂಡುಕೊಂಡಿದ್ದಾರೆ. ಮೊದಲ ಕಾಲಂ ಅನ್ನು ಬೇಕೆಂದೇ ಮುಚ್ಚಿಬಿಡುತ್ತಾರೆ.

ಎಲ್ಲ ಗೊತ್ತಿದ್ದರೆ ಆಟವೆಲ್ಲಿ?

ಬಿಟಿಎಂ ಲೇಔಟಿನ ಪಿ.ಜಿ. ಕೋಣೆಯಲ್ಲೋ ಜೆ.ಪಿ. ನಗರದ ಫ್ಲ್ಯಾಟಿನಲ್ಲೋ ರಾತ್ರಿ ಲ್ಯಾಪ್‌ಟಾಪ್ ತೆರೆದು ‘ಫುಟ್‌ಬಾಲ್ ಮ್ಯಾನೇಜರ್’ ಆಡುವವರಿಗೆ ಈ ಬಗೆಯ ಆಟ ಹೊಸದಲ್ಲ. ಇಲ್ಲಿ ನೀವು ಚೆಂಡು ಮುಟ್ಟುವುದಿಲ್ಲ. ಆಟಗಾರರನ್ನು ಕೊಳ್ಳುತ್ತೀರಿ, ಮಾರುತ್ತೀರಿ, ಹನ್ನೊಂದರ ಬಳಗದಲ್ಲಿ ಯಾರಿರಬೇಕು ಎಂದು ತೀರ್ಮಾನಿಸುತ್ತೀರಿ. ಪಂದ್ಯವನ್ನು ಕಂಪ್ಯೂಟರ್ ಆಡಿಸುತ್ತದೆ. ಬೇಸ್‌ಬಾಲ್‌ನಲ್ಲಿ ಇದೇ ಕೆಲಸ ಮಾಡುವ ಹೆಸರಾಂತ ಆಟ ‘ಔಟ್ ಆಫ್ ದ ಪಾರ್ಕ್’. ಅದನ್ನು ಕಟ್ಟಿದವರು ಜರ್ಮನಿಯ ಮಾರ್ಕುಸ್ ಹೈನ್ಸೋನ್.

ಈ ಆಟದಲ್ಲಿ ಪ್ರತಿ ಆಟಗಾರನ ಪಕ್ಕದಲ್ಲಿ ಅವನ ಸಾಮರ್ಥ್ಯದ ರೇಟಿಂಗ್ ಇರುತ್ತದೆ. ಅಮೆರಿಕದ ಪ್ರತಿಭಾ ಶೋಧಕರು ಬಹುಕಾಲದಿಂದ ಬಳಸುವ 20ರಿಂದ 80ರ ಅಳತೆಯನ್ನೂ ಆರಿಸಿಕೊಳ್ಳಬಹುದು. ಅದರಲ್ಲಿ 50 ಎಂದರೆ ಸಾಧಾರಣ ವೃತ್ತಿಪರ, 80 ಎಂದರೆ ಅಪರೂಪದ ಪ್ರತಿಭೆ. ಈಗ ಹೇಗಿದ್ದಾನೆ ಎನ್ನುವುದಕ್ಕೊಂದು ಅಂಕ, ಮುಂದೆ ಎಷ್ಟು ಬೆಳೆಯಬಲ್ಲ ಎನ್ನುವುದಕ್ಕೆ ಇನ್ನೊಂದು.

ತೊಡಕು ಇಲ್ಲೇ ಇದೆ. ಹದಿನೆಂಟರ ಹುಡುಗ ಮುಂದೆ 75 ಆಗುತ್ತಾನೆ ಎಂದು ಪರದೆ ಹೇಳಿದ ಮೇಲೆ ಯೋಚಿಸಲು ಏನು ಉಳಿಯಿತು? ಎದುರಾಳಿ ತಂಡ ಅಂಥವನನ್ನು ಅಗ್ಗಕ್ಕೆ ಬಿಟ್ಟಾಗ ಎತ್ತಿಕೊಂಡರಾಯಿತು. ನಾಲ್ಕೈದು ಸೀಸನ್ ಕಳೆಯುವಷ್ಟರಲ್ಲಿ ಗೆಲುವು ಅಭ್ಯಾಸವಾಗುತ್ತದೆ, ಆಟ ಸಪ್ಪೆಯಾಗುತ್ತದೆ. ಅದಕ್ಕೇ ಅನುಭವಿಗಳು ರೇಟಿಂಗ್‌ಗಳನ್ನು ಪರದೆಯಿಂದಲೇ ತೆಗೆದುಹಾಕುತ್ತಾರೆ. ಆಮೇಲೆ ಕೈಯಲ್ಲಿ ಉಳಿಯುವುದು ಆಟಗಾರನ ವಯಸ್ಸು ಮತ್ತು ಅವನು ಈವರೆಗೆ ಮಾಡಿದ್ದರ ಲೆಕ್ಕ. ನಿಜವಾದ ಆಯ್ಕೆಗಾರನ ಕೈಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ.

ಹತ್ತು ಇನಿಂಗ್ಸ್‌ನ ಮಾತು

ರೇಟಿಂಗ್ ಮುಚ್ಚಿದೊಡನೆ ಎದುರಾಗುವ ಮೊದಲ ಪಾಠ ಅದೃಷ್ಟದ್ದು. ನೂರು ಅವಕಾಶಗಳಲ್ಲಿ 27 ಹಿಟ್ ಹೊಡೆಯುವ ನಿಜ ಸಾಮರ್ಥ್ಯ ಒಬ್ಬ ಬೇಸ್‌ಬಾಲ್ ಬ್ಯಾಟರ್‌ಗೆ ಇದೆ ಎನ್ನಿ. ಅವನು ನೂರು ಸಲ ಬ್ಯಾಟ್ ಹಿಡಿದಾಗ ಸರಿಯಾಗಿ 27 ಬರಬೇಕೆಂದಿಲ್ಲ. ಸಂಭವನೀಯತೆಯ ಲೆಕ್ಕದಲ್ಲಿ, ಮೂರರಲ್ಲಿ ಎರಡು ಸಲ ಅದು ಸುಮಾರು 23 ಮತ್ತು 31ರ ನಡುವೆ ಬೀಳುತ್ತದೆ. ಬೇಸ್‌ಬಾಲ್‌ನಲ್ಲಿ 23ರವನ ಜಾಗ ಅಲುಗಾಡುತ್ತದೆ, 31ರವನು ತಾರೆ ಎನಿಸಿಕೊಳ್ಳುತ್ತಾನೆ. ಇಲ್ಲಿ ಇಬ್ಬರೂ ಒಬ್ಬನೇ. ಅವಕಾಶ 600ಕ್ಕೆ ಏರಿದಾಗ ಈ ಅಂತರ ನೂರಕ್ಕೆ 25ರಿಂದ 29ರ ಆಸುಪಾಸಿಗೆ ಇಳಿಯುತ್ತದೆ.

ಕ್ರಿಕೆಟ್‌ನಲ್ಲಿ ಏರುಪೇರು ಇನ್ನೂ ಜಾಸ್ತಿ, ಏಕೆಂದರೆ ಒಂದು ತಪ್ಪಿಗೆ ಇನಿಂಗ್ಸ್ ಮುಗಿಯುತ್ತದೆ. ಸರಾಸರಿ 40ರ ಯೋಗ್ಯತೆಯ ಬ್ಯಾಟರ್ ಹತ್ತು ಸಲ ಔಟಾದ ಮೇಲೆ ಅವನ ಸರಾಸರಿ 27 ಇದ್ದರೂ ಆಶ್ಚರ್ಯವಿಲ್ಲ, 53 ಇದ್ದರೂ ಇಲ್ಲ. ಹತ್ತು ಇನಿಂಗ್ಸ್ ಎಂದರೆ ನಮ್ಮ ಹುಡುಗರಿಗೆ ಒಂದು ಇಡೀ ಸೀಸನ್. ಅಷ್ಟರ ಮೇಲೆ ನಾವು ಒಬ್ಬನನ್ನು ಪ್ರತಿಭೆ ಎಂದು ಕರೆದು, ಇನ್ನೊಬ್ಬನನ್ನು ಮನೆಗೆ ಕಳಿಸುತ್ತೇವೆ. ರೇಟಿಂಗ್ ಇಲ್ಲದೆ ಆಡುವವನು ಕೆಲವೇ ಸೀಸನ್‌ಗಳಲ್ಲಿ ಈ ಆತುರ ಬಿಡುತ್ತಾನೆ. ಬಿಡದಿದ್ದರೆ ಒಳ್ಳೆಯ ಆಟಗಾರರನ್ನು ಮಾರಿಕೊಂಡು ಸೋಲುತ್ತಾನೆ.

ಮೈದಾನದ ಪಾಲು, ಜೊತೆಗಾರನ ಪಾಲು

ಎರಡನೆಯ ಪಾಠ: ಒಬ್ಬನ ಲೆಕ್ಕದಲ್ಲಿ ಬೇರೆಯವರದೂ ಸೇರಿರುತ್ತದೆ. ಡೆನ್ವರ್ ನಗರದ ಕೂರ್ಸ್ ಫೀಲ್ಡ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ. ಅದು ಅತಿಯಾದದ್ದಕ್ಕೆ 2002ರಿಂದ ಚೆಂಡುಗಳನ್ನು ತೇವಾಂಶ ಕಾಯ್ದ ಕೋಣೆಯಲ್ಲಿಟ್ಟು ಬಳಸುತ್ತಾರೆ. ಅಲ್ಲಿ ಆಡುವ ಬ್ಯಾಟರ್‌ನ ಅಂಕಿಯನ್ನು ಹಾಗೆಯೇ ನಂಬಿ ದುಡ್ಡು ಸುರಿಯುವ ಮ್ಯಾನೇಜರ್ ಕೆಡುತ್ತಾನೆ.

ನಮಗಿದನ್ನು ಬಿಡಿಸಿ ಹೇಳಬೇಕಿಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಚಿಕ್ಕ ಬೌಂಡರಿಗಳ ಚಿನ್ನಸ್ವಾಮಿ ಕ್ರೀಡಾಂಗಣವಿದೆ. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ ಔಟಾಗದೆ 175 ಹೊಡೆದದ್ದು ಇಲ್ಲೇ. 2024ರ ಏಪ್ರಿಲ್‌ನಲ್ಲಿ ಸನ್‌ರೈಸರ್ಸ್ ಹೈದರಾಬಾದ್ 3 ವಿಕೆಟ್‌ಗೆ 287 ಪೇರಿಸಿದ್ದೂ ಇಲ್ಲೇ. ಈ ಅಂಗಳದಲ್ಲಿ ಓವರಿಗೆ ಒಂಬತ್ತು ಕೊಟ್ಟ ಬೌಲರ್, ನಿಧಾನಗತಿಯ ಪಿಚ್‌ನಲ್ಲಿ ಎಂಟು ಕೊಟ್ಟವನಿಗಿಂತ ಮೇಲಿರಬಹುದು.

ಜೊತೆಗಾರರ ಪಾಲೂ ಹಾಗೆಯೇ. ಬೇಸ್‌ಬಾಲ್‌ನಲ್ಲಿ ಪಿಚರ್ (ನಮ್ಮ ಬೌಲರ್‌ನಂಥವನು) ಎಸೆದ ಚೆಂಡಿಗೆ ಬ್ಯಾಟ್ ತಗುಲಿ ಅದು ಮೈದಾನದೊಳಗೆ ಬಿದ್ದ ಮೇಲೆ ಹಿಟ್ ಆಗುವುದೋ ಔಟಾಗುವುದೋ ಎಂಬುದರಲ್ಲಿ ಪಿಚರ್‌ನ ಕೈವಾಡ ಜನ ಭಾವಿಸುವುದಕ್ಕಿಂತ ತೀರ ಕಡಿಮೆ ಎಂದು 2001ರಲ್ಲಿ ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ವೋರೋಸ್ ಮೆಕ್ರಾಕೆನ್ ವಾದಿಸಿದರು. ಫೀಲ್ಡರ್‌ಗಳೂ ಅದೃಷ್ಟವೂ ಅಲ್ಲಿ ದೊಡ್ಡ ಪಾತ್ರ ವಹಿಸುತ್ತವೆ. ಹಾಗಾಗಿ ರೇಟಿಂಗ್ ಮುಚ್ಚಿ ಆಡುವವರು ಪಿಚರ್ ಎಷ್ಟು ರನ್ ಕೊಟ್ಟ ಎನ್ನುವುದಕ್ಕಿಂತ ಎಷ್ಟು ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಎಷ್ಟು ಜನರಿಗೆ ಪುಕ್ಕಟೆ ಬೇಸ್ ಬಿಟ್ಟುಕೊಟ್ಟ ಎಂದು ನೋಡುತ್ತಾರೆ. ಕುಂಬ್ಳೆ ಅವರ 619ರಲ್ಲೂ ಈ ಪಾಲಿದೆ: 55 ವಿಕೆಟ್‌ಗಳ ಕ್ಯಾಚ್ ಹಿಡಿದವರು ರಾಹುಲ್ ದ್ರಾವಿಡ್. ಇದರಿಂದ ಬೌಲರ್‌ನ ಹಿರಿಮೆ ಕುಗ್ಗುವುದಿಲ್ಲ. ಆದರೆ ಸ್ಲಿಪ್‌ನಲ್ಲಿ ಅಂಥ ಕೈಗಳಿಲ್ಲದ ತಂಡದಲ್ಲಿ ಅಷ್ಟೇ ಚೆನ್ನಾಗಿ ಎಸೆಯುವವನ ಲೆಕ್ಕ ಬಡವಾಗಿ ಕಾಣುತ್ತದೆ ಎಂಬ ಎಚ್ಚರ ಬೇಕು.

ಕಣ್ಣಿಗೂ ಕೆಲಸವಿದೆ

ಹಾಗಾದರೆ ಅಂಕಿಅಂಶವೇ ಸರ್ವಸ್ವವೇ? ಕಣ್ಣು ಎಡವಿದ ಉದಾಹರಣೆಗಳು ಬೇಕಾದಷ್ಟಿವೆ. 2003ರಲ್ಲಿ ಬಂದ ಮೈಕಲ್ ಲೂಯಿಸ್ ಅವರ ‘ಮನಿಬಾಲ್’ ಪುಸ್ತಕದಲ್ಲಿ ಚ್ಯಾಡ್ ಬ್ರಾಡ್‌ಫರ್ಡ್ ಎಂಬ ಪಿಚರ್ ಬರುತ್ತಾನೆ. ಕೈ ನೆಲಕ್ಕೆ ತಾಗುವಂತೆ ಬಗ್ಗಿ ಎಸೆಯುತ್ತಿದ್ದ ಅವನ ಶೈಲಿ ವಿಚಿತ್ರವೆಂದು ಇತರರು ಬೆಲೆ ಕಟ್ಟಲಿಲ್ಲ, ಓಕ್‌ಲೆಂಡ್ ತಂಡ ಅವನ ಲೆಕ್ಕ ನೋಡಿ ಕರೆದುಕೊಂಡಿತು. ಅದಕ್ಕೂ ಎಷ್ಟೋ ಮೊದಲು ಕರ್ನಾಟಕದ ಬಿ.ಎಸ್. ಚಂದ್ರಶೇಖರ್ ಬಾಲ್ಯದ ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಬೌಲ್ ಮಾಡಿ 1971ರಲ್ಲಿ ಓವಲ್ ಅಂಗಳದಲ್ಲಿ 38 ರನ್ನಿಗೆ 6 ವಿಕೆಟ್ ಪಡೆದರು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದರು. ಆ ಕೈಯನ್ನು ನೋಡಿ ಅಂಕ ಹಾಕುವವನು ಎಷ್ಟು ಹಾಕುತ್ತಿದ್ದ?

ಆದರೆ ಕಣ್ಣು ಗೆದ್ದದ್ದೂ ಉಂಟು. ಭಾರತೀಯ ಕ್ರಿಕೆಟ್ ಮಂಡಳಿ 2002ರಲ್ಲಿ ಸಣ್ಣ ಊರುಗಳ ಪ್ರತಿಭೆ ಹುಡುಕಲು ಒಂದು ವಿಭಾಗ ತೆರೆಯಿತು. ಅದರ ಶೋಧಕ ಪ್ರಕಾಶ್ ಪೋದ್ದಾರ್ 2003ರಲ್ಲಿ ಜಮ್‌ಶೆಡ್‌ಪುರದಲ್ಲಿ ಒಂದು ಪಂದ್ಯ ನೋಡಿ ಮಹೇಂದ್ರ ಸಿಂಗ್ ಧೋನಿ ಬಗ್ಗೆ ವರದಿ ಬರೆದರು. ಶೋಧಕನ ಕಣ್ಣು ಅಂಕಿಗಿಂತ ಮೊದಲೇ ತಲುಪಬಲ್ಲದು. ಅದು ಹೇಳಿದ್ದನ್ನು ಊಹೆ ಎಂದು ಬರೆದಿಟ್ಟು, ಆಮೇಲೆ ಆಟದಿಂದ ಪರೀಕ್ಷಿಸಬೇಕು. ರೇಟಿಂಗ್ ಎಂಬುದು ಆ ಊಹೆಗೆ ಸತ್ಯದ ವೇಷ ತೊಡಿಸುತ್ತದೆ. ಅದನ್ನು ಮುಚ್ಚುವುದರ ಅರ್ಥ ಇಷ್ಟೇ.

ಮನೆಯಲ್ಲಿ ಆಡಿ ನೋಡುವವರಿಗೆ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ನಾನು ಹೇಳುತ್ತಿರುವ ಆಟಕ್ಕೆ ದುಡ್ಡಿನ ಗೊಡವೆಯಿಲ್ಲ. ಶುರುವಿಗೆ ಎಲ್ಲವನ್ನೂ ಮುಚ್ಚುವುದು ಬೇಡ. ಮೊದಲ ಸೀಸನ್‌ನಲ್ಲಿ ಭವಿಷ್ಯದ ರೇಟಿಂಗ್ ಮಾತ್ರ ತೆಗೆಯಿರಿ, ಮುಂದಿನದರಲ್ಲಿ ಈಗಿನದನ್ನೂ ತೆಗೆಯಿರಿ. ಸೋತಾಗ ಹಳೆಯ ಸೇವ್ ತೆರೆದು ಮತ್ತೆ ಆಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಸೀಸನ್‌ಗೆ ಮೊದಲೇ ಯಾರ ಬಗ್ಗೆ ಏನು ಅಂದುಕೊಂಡಿರಿ, ಯಾಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವರ್ಷದ ಕೊನೆಗೆ ತೆರೆದಾಗ ನಮ್ಮ ತೀರ್ಮಾನ ಸರಿಯಿತ್ತೋ, ಫಲಿತಾಂಶ ಮಾತ್ರ ಸರಿಯಾಯಿತೋ ತಿಳಿಯುತ್ತದೆ.

ಕಂಪ್ಯೂಟರ್ ಇಲ್ಲದೆಯೂ ಇದು ಸಾಧ್ಯ. ನಾಲ್ವರು ಗೆಳೆಯರು ಕೂತು ರಣಜಿ ಸ್ಕೋರ್‌ಕಾರ್ಡ್‌ಗಳಲ್ಲಿ ಹೆಸರು ಮುಚ್ಚಿ, ವಯಸ್ಸು ಮತ್ತು ಹಿಂದಿನ ಎರಡು ಸೀಸನ್‌ನ ಲೆಕ್ಕ ಮಾತ್ರ ಬಿಟ್ಟು ತಂಡ ಆರಿಸಲಿ. ಖ್ಯಾತಿಯೂ ಒಂದು ಬಗೆಯ ರೇಟಿಂಗ್. ಹೆಸರು ಮರೆಯಾದಾಗ ನಮ್ಮ ಆಯ್ಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಅಲ್ಲೇ ಕಾಣಬಹುದು.

ಈ ಮಾತು ಆಟದ ಪರದೆಯಲ್ಲೇ ಮುಗಿದರೆ ನನಗೆ ಸಮಾಧಾನವಿಲ್ಲ. ಏಪ್ರಿಲ್ ಬಂತೆಂದರೆ ಜಯನಗರದ ಶಾಲಿನಿ ಮೈದಾನದಿಂದ ಬನಶಂಕರಿಯ ಶಾಲಾ ಅಂಗಳಗಳವರೆಗೆ ಬೇಸಿಗೆ ಶಿಬಿರಗಳಲ್ಲಿ ಮಕ್ಕಳು ಪ್ಯಾಡ್ ಕಟ್ಟುತ್ತಾರೆ. ಎರಡೇ ವಾರ ಕಳೆದಿರುತ್ತದೆ, ‘ನಮ್ ಹುಡುಗ ಹೇಗೆ ಸರ್, ಮುಂದೆ ಬರ್ತಾನಾ?’ ಎಂದು ಅಪ್ಪ ಅಮ್ಮ ಕೇಳುತ್ತಾರೆ. ಕೋಚ್ ಮೇಲೆ ಅಂಕ ಹಾಕುವ ಒತ್ತಡ ಬೀಳುತ್ತದೆ, ಮಗು ಆ ಅಂಕವನ್ನು ಹೊತ್ತು ಬೆಳೆಯುತ್ತದೆ. ಹತ್ತು ಇನಿಂಗ್ಸ್‌ಗೇ ಇಷ್ಟು ಅನಿಶ್ಚಿತತೆ ಇರುವಾಗ ಎರಡು ವಾರದ ನೆಟ್ಸ್ ಏನು ಹೇಳೀತು? ಪ್ರತಿ ಶಿಬಿರವೂ ಪ್ರತಿ ಶಾಲೆಯೂ ಒಂದು ಸ್ಕೋರ್‌ಬುಕ್ ಇಡಲಿ, ಯಾವ ಮೈದಾನ, ಎದುರು ಯಾರಿದ್ದರು ಎಂಬುದನ್ನೂ ಬರೆಯಲಿ, ಮೂರು ವರ್ಷ ತಾಳ್ಮೆಯಿಂದ ಕೂಡಿಸಲಿ. ಎಲ್ಲರಿಗೂ ಸಾಕಷ್ಟು ಇನಿಂಗ್ಸ್ ಕೊಡಲಿ. ಹೆಚ್ಚು ತಿರುಗಿಸದ ಲೆಗ್ ಸ್ಪಿನ್ನರ್ ಇವತ್ತೂ ಈ ಬಡಾವಣೆಗಳಲ್ಲಿ ಎಲ್ಲೋ ಇರಬಹುದು. ಅವನನ್ನಾಗಲೀ ಅವಳನ್ನಾಗಲೀ ಕಂಡುಹಿಡಿಯಲು ನಮಗೆ ಬೇಕಾದದ್ದು ಬರೆದಿಟ್ಟ ಲೆಕ್ಕ, ಕಾಯುವ ಮನಸ್ಸು.