ಸಾಲಿ ದಾರಿ ಸುರಕ್ಷಿತ ಆಗಬೇಕಂದ್ರ ಯಾರನ್ನ ಕೇಳಬೇಕು?

[ದೃಶ್ಯ: ನರೇಗಲ್ ಬಸ್ ನಿಲ್ದಾಣ, ಮುಂಜಾನೆ]
ಅಬ್ಬಿಗೇರಿ, ಜಕ್ಕಲಿ, ನಿಡಗುಂದಿ ಕಡೆಯಿಂದ ಮಕ್ಕಳು ನರೇಗಲ್ಲಿಗೆ ಸಾಲಿಗೆ ಬರ್ತಾರ. ದಾರ್ಯಾಗ ತೊಂದರೆ ಆದ್ರ ಯಾರ ಬಾಗಿಲು ಬಡೀಬೇಕು? ಮೂರು ನೆನಪಿಡ್ರಿ.

[ದೃಶ್ಯ: ಆರಿದ ಬೀದಿ ದೀಪ]
ಒಂದು, ಪಟ್ಟಣ ಪಂಚಾಯ್ತಿ. ಬೀದಿಗೆ ಬೆಳಕು ಕೊಡೋದು 1964ರ ಪುರಸಭೆಗಳ ಕಾಯ್ದೆ ಪ್ರಕಾರ ಅವರ ಕಡ್ಡಾಯ ಕೆಲಸ. ಕಂಬ ಯಾವ ಓಣ್ಯಾಗ, ಯಾರ ಮನಿ ಮುಂದ ಐತಿ ಅಂತ ಬರದು ಮುಖ್ಯಾಧಿಕಾರಿಗೆ ಅರ್ಜಿ ಕೊಡ್ರಿ. ಸ್ವೀಕೃತಿ ತಗೊಳ್ಳೋದು ಮರೀಬ್ಯಾಡ್ರಿ.

[ದೃಶ್ಯ: ಪೊಲೀಸ್ ಠಾಣೆ]
ಎರಡು, ಪೊಲೀಸರು. ಯಾರರ ಚುಡಾಯಿಸಿದ್ರ, ಬೆನ್ನು ಹತ್ತಿದ್ರ ಬೀಟ್ ಪೊಲೀಸರಿಗೆ ಹೇಳ್ರಿ. ಸಾಲಿಯಿಂದ 100 ಗಜದೊಳಗ ತಂಬಾಕು ಮಾರೂದು ಸುದ್ದಾ ಅಪರಾಧ. ತುರ್ತು ಇದ್ರ 112, ಮಕ್ಕಳ ಸಹಾಯವಾಣಿ 1098.

[ದೃಶ್ಯ: ತುಂಬಿದ ಬಸ್ಸು]
ಮೂರು, ವಾಯವ್ಯ ಸಾರಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯೊಳಗ ಹೆಣ್ಮಕ್ಕಳಿಗೆ ಟಿಕೆಟ್ ಪುಕ್ಕಟ. ಆದ್ರ ಬಸ್ಸಿನ್ಯಾಗ ಜಾಗಾನ ಇಲ್ಲಂದ್ರ ಹುಡುಗ್ರು ಬಾಗಿಲಿಗೆ ಜೋತು ಬೀಳ್ತಾರ. ಎಸ್‌ಡಿಎಂಸಿ, ಹೆಡ್‌ಮಾಸ್ತರು ಕೂಡಿ ಡಿಪೊ ಮ್ಯಾನೇಜರಿಗೆ ಪತ್ರ ಬರೀರಿ. ಯಾವ ಊರು, ಎಷ್ಟು ಮಕ್ಕಳು, ಎಷ್ಟು ಗಂಟೆಗೆ ಬಸ್ ಬೇಕು, ಎಲ್ಲಾ ಇರಲಿ.

[ದೃಶ್ಯ: ಬೈಕ್ ಚಾವಿ]
ಇನ್ನ ಮನಿಯವರಿಗೊಂದು ಮಾತು. ಬಸ್ ತಪ್ಪಿತು ಅಂತ 18 ತುಂಬದ ಹುಡುಗನ ಕೈಯಾಗ ಬೈಕ್ ಕೊಡಬ್ಯಾಡ್ರಿ. ಸಿಕ್ಕಿಬಿದ್ರ ಪಾಲಕರಿಗೆ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲು. ಹುಡುಗಗ 25 ವರ್ಷ ತುಂಬೋ ತನಕ ಲೈಸೆನ್ಸ್ ಸಿಗಂಗಿಲ್ಲ.

ಈ ವಿಡಿಯೋ ನಿಮ್ಮ ಪಾಲಕರ ಗ್ರೂಪಿಗೆ ಇವತ್ತ ಕಳಸ್ರಿ.