ಅಡವಿ ಸೊಪ್ಪಿನ ಸತ್ವ

ಕೊಡಗಿನಲ್ಲಿ ಕಕ್ಕಡ ಮಾಸವೆಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಬಿರುಮಳೆಯ ಕಾಲ. ಹಿಂದೆ ಈ ದಿನಗಳಲ್ಲಿ ಕಣಜದ ಭತ್ತ ಕರಗುತ್ತಿತ್ತು, ಸಂತೆಯ ದಾರಿ ಕೆಸರಾಗುತ್ತಿತ್ತು. ಆಗ ಒಲೆಯ ಮೇಲೆ ಬೇಯುತ್ತಿದ್ದುದು ಬಿತ್ತದೆ ಬೆಳೆದ ಸೊಪ್ಪು: ಕೆಸುವಿನ ಎಲೆ, ತೋಡಿನಂಚಿನ ತೆರ್ಮೆ ಸೊಪ್ಪು, ತಗಚೆಯ ಚಿಗುರು, ಕಾಕೆ ಸೊಪ್ಪು. ಕಕ್ಕಡದ 18ನೆಯ ದಿನ, ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪನ್ನು ಕುದಿಸಿ, ಅದರ ನೇರಳೆ ರಸದಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಬೆರೆಸಿ ಪಾಯಸ ಮಾಡುವರು. ಮರುದಿನ ಮೂತ್ರ ಕೆಂಪಾದುದನ್ನು ಕಂಡು ಗಾಬರಿಯಿಂದ ನಮ್ಮಲ್ಲಿಗೆ ಓಡಿಬಂದವರುಂಟು. ಅದು ಸೊಪ್ಪಿನ ಬಣ್ಣವೇ ಹೊರತು ರೋಗವಲ್ಲ.

ನಮಗೆ ವರ್ಷಕ್ಕೊಮ್ಮೆಯ ಈ ಊಟ ಎರವರಿಗೆ, ಜೇನುಕುರುಬರಿಗೆ, ಬೆಟ್ಟಕುರುಬರಿಗೆ ನಿತ್ಯದ ಪಲ್ಯವಾಗಿತ್ತು. ಯಾವ ಕುಡಿಯನ್ನು ಚಿವುಟಬೇಕು, ಯಾವುದನ್ನು ಮುಟ್ಟಬಾರದು ಎಂಬ ಅರಿವು ಆ ಹೆಣ್ಣುಮಕ್ಕಳ ಕೈಯಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ನಮ್ಮ ರಾಜ್ಯದಲ್ಲಿ ಸುಮಾರು 48. ಕಡುಹಸಿರು ಸೊಪ್ಪುಗಳಲ್ಲಿ ಕಬ್ಬಿಣ, ಸುಣ್ಣದಂಶ, ಫೋಲಿಕ್ ಆಮ್ಲ, ಕಣ್ಣಿಗೆ ಬೇಕಾದ ಕೆರೊಟಿನ್ ಇವೆ. ಆದರೆ ಸೊಪ್ಪಿನ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳದು. ಬಡಿಸುವಾಗ ನಿಂಬೆರಸ ಹಿಂಡಿದರೆ ಹೆಚ್ಚು ದಕ್ಕುತ್ತದೆ. ಉಂಡ ಕೂಡಲೇ ಕಾಫಿ ಕುಡಿದರೆ ಇದ್ದುದೂ ಕಡಿಮೆಯಾಗುತ್ತದೆ. ಕಾಫಿಯ ನಾಡಿನವರಿಗೆ ಇದು ಕಹಿ ಮಾತೆಂದು ಬಲ್ಲೆವು, ಆದರೂ ಒಂದೆರಡು ಗಂಟೆ ತಾಳಿರಿ.

ಸೊಪ್ಪನ್ನು ಬೇಯಿಸಿ, ನೀರು ಹಿಂಡಿ, ಜಿಡ್ಡು ಸೇರಿಸಿ ಉಣ್ಣಬೇಕೆಂಬುದು ಚರಕರ ವಿಧಿ. ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗಿರುವುದರಿಂದ ಮೆಣಸು, ಶುಂಠಿಯೂ ಇರಲಿ. ಕೆಸುವಿನಲ್ಲಿ ಗಂಟಲು ಕೆರೆಯುವ ಸೂಜಿಯಂಥ ಹರಳುಗಳಿವೆ. ಹುಣಿಸೆಯನ್ನೋ ಕಾಚಂಪುಳಿಯನ್ನೋ ಹಾಕಿ ಚೆನ್ನಾಗಿ ಬೇಯಿಸಬೇಕು. ಮೂತ್ರಪಿಂಡದ ಕಲ್ಲಿನವರು ಅದನ್ನು ಬಿಡುವುದೇ ಲೇಸು. ಕಾಕೆಯ ಹಸಿರು ಕಾಯಿ ವಿಷ. ಅದರ ತಂಗಳು ಪಲ್ಯವೂ ವರ್ಜ್ಯ. ತೆರ್ಮೆಯಂತೆ ಕಾಣುವ ಜರಿಗಿಡಗಳಲ್ಲಿ ಕೆಲವು ವಿಷವಾದ್ದರಿಂದ ಬಲ್ಲವರು ತೋರಿಸದೆ ಕೀಳಬಾರದು.

ಕಳೆದ ಮಳೆಗಾಲದಲ್ಲಿ ತೋಟದ ಲೈನ್‌ಮನೆಯಿಂದ ಬಂದ ಎರವ ಗರ್ಭಿಣಿಯೊಬ್ಬರ ಕಣ್ಣರೆಪ್ಪೆಯ ಒಳಗು ಬಿಳಚಿತ್ತು. ಕಬ್ಬಿಣದ ಮಾತ್ರೆ ತಪ್ಪಿಸಬಾರದೆಂದು ಹೇಳಿ, ಸೊಪ್ಪು ತಿನ್ನುತ್ತಿಲ್ಲವೇನಮ್ಮ ಎಂದು ಕೇಳಿದೆವು. "ಎಲ್ಲಿ ಕೀಳಲಿ ಡಾಕ್ಟ್ರೇ, ಎಲ್ಲಾ ಕಡೆ ಮದ್ದು ಹೊಡೆದಿದ್ದಾರೆ" ಎಂದರು. ಮದ್ದುಸೊಪ್ಪಿನ ನಾಡಿನಲ್ಲಿ ಮದ್ದೆಂದರೆ ಈಗ ಕಳೆನಾಶಕ. ಅದನ್ನು ಸಿಂಪಡಿಸಿದ ಗಿಡ ಕೆಲವು ದಿನ ಹಸಿರಾಗಿಯೇ ಇರುತ್ತದೆ. ಎಲೆಯೊಳಗೆ ಇಳಿದ ವಿಷ ತೊಳೆದರೂ ಹೋಗದು. ರಸ್ತೆಬದಿಯ ಸೊಪ್ಪನ್ನೂ ನಾವು ನಂಬುವುದಿಲ್ಲ.

ತೋಟವುಳ್ಳ ಸದ್ಭಕ್ತರಲ್ಲಿ ನಮ್ಮದೊಂದು ಬಿನ್ನಹ. ಲೈನ್‌ಮನೆಗಳ ಸುತ್ತ, ತೋಡಿನ ಎರಡೂ ದಡಗಳಲ್ಲಿ ಕಳೆನಾಶಕ ಹೊಡೆಸದೆ ಕತ್ತಿಯಿಂದ ಕಳೆ ತೆಗೆಸಿರಿ. ಯಾವ ಗಿಡವನ್ನು ಉಳಿಸಬೇಕೆಂಬುದನ್ನು ಅಲ್ಲಿನ ಹೆಣ್ಣುಮಕ್ಕಳೇ ತೋರಿಸುವರು. ಬೇರೆಡೆ ಹೊಡೆಸುವುದಿದ್ದರೆ ಯಾವ ದಿನ, ಯಾವ ಪಟ್ಟಿಯಲ್ಲಿ ಎಂಬುದನ್ನು ಮುನ್ನಾದಿನವೇ ಅವರಿಗೆ ತಿಳಿಸಿರಿ.